ದೂರವೆಂಬ ನೆಪ

ವಿಜ್ಞಾನವು ಜಗತ್ತನ್ನು ಚಿಕ್ಕದು ಮಾಡಿತೆಂಬ ಮಾತು ಸರ್ವತ್ರ ಕೇಳಿಬರುತ್ತಿದೆ. ಜಗತ್ತು ಚಿಕ್ಕದಾದಂತೆ ಮನುಷ್ಯನ ಕರ್ತವ್ಯವು ಹಿರಿದಾಗುವುದೇ ಎಂಬ ಪ್ರಶ್ನೆಯನ್ನು ಮಾತ್ರ ಅಷ್ಟಾಗಿ ಯಾರೂ ಕೇಳುವುದಿಲ್ಲ.

ಬೆಂಗಳೂರಿಗೂ ಸಿಂಗಪುರಕ್ಕೂ ಆಕಾಶಮಾರ್ಗದಲ್ಲಿ ಸುಮಾರು 3,200 ಕಿಲೋಮೀಟರ್ ಅಂತರವಿದೆ. ನೇರ ವಿಮಾನವು ಇದನ್ನು ನಾಲ್ಕೂವರೆ ಗಂಟೆಗಳ ಆಸುಪಾಸಿನಲ್ಲಿ ಕ್ರಮಿಸುತ್ತದೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದರಿಂದ, ರಾತ್ರಿ 11ಕ್ಕೆ ಇಲ್ಲಿಂದ ಹೊರಟವನು ಅಲ್ಲಿಯ ಬೆಳಗಿನ 6ಕ್ಕೆ ಇಳಿಯುವನು. ಬೆಳಿಗ್ಗೆ 8ಕ್ಕೆ ಅಲ್ಲಿಂದ ಹೊರಟವನು ಇಲ್ಲಿ 10ಕ್ಕೇ ಇಳಿಯುವನು. ಹೋಗಲು ಏಳು ಗಂಟೆ, ಬರಲು ಎರಡೇ ಗಂಟೆ ಎಂದು ಗಡಿಯಾರ ತೋರಿಸಿದರೂ ಆಯುಷ್ಯದಲ್ಲಿ ವ್ಯಯವಾದ ಕಾಲ ಎರಡು ಸಲವೂ ಒಂದೇ.

ಆನೇಕಲ್ ತಾಲ್ಲೂಕಿನ ಚಂದಾಪುರದಿಂದ ಹೊರಡುವವನಿಗೆ ಈ ಲೆಕ್ಕವೂ ಸಾಲದು. ಅವನು ಹೊಸೂರು ರಸ್ತೆ ಹಿಡಿದು, ನಗರವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿ, ದೇವನಹಳ್ಳಿಯ ಬಳಿ 2008ರಲ್ಲಿ ಆರಂಭವಾದ ವಿಮಾನನಿಲ್ದಾಣವನ್ನು ಸೇರಬೇಕು. ಸುಮಾರು ಅರವತ್ತು ಕಿಲೋಮೀಟರಿನ ಈ ಹಾದಿಗೆ ವಾಹನಗಳ ದಟ್ಟಣೆಯಲ್ಲಿ ಎರಡು ಮೂರು ಗಂಟೆ ಹಿಡಿಯುವುದುಂಟು. ತಪಾಸಣೆಗಾಗಿ ಮೂರು ಗಂಟೆ ಮುಂಚಿತವಾಗಿ ಅಲ್ಲಿರಬೇಕು. ಎಲ್ಲವನ್ನೂ ಕೂಡಿಸಿದರೆ ಹತ್ತು ಹನ್ನೊಂದು ಗಂಟೆಗಳ ಪ್ರಯಾಣ. ಆದರೂ ಇದು ಒಂದು ದಿನದೊಳಗೆ ಮುಗಿಯುವ ಕಾರ್ಯ.

ಹಿಂದೆ ಹೀಗಿರಲಿಲ್ಲ. ಮದರಾಸಿನಿಂದ ಸಿಂಗಪುರಕ್ಕೆ ಹಡಗಿನಲ್ಲಿ ಹೋಗಲು ಸುಮಾರು ಒಂದು ವಾರ ಬೇಕಾಗುತ್ತಿತ್ತು. ಆ ಮಾರ್ಗದ ‘ಚಿದಂಬರಂ’ ಹಡಗಿಗೆ 1985ರಲ್ಲಿ ಬೆಂಕಿ ಬಿದ್ದ ಮೇಲೆ ಆ ಸಂಚಾರವೂ ನಿಂತಿತು. ತಂದೆಗೆ ಕಾಯಿಲೆಯೆಂಬ ತಂತಿ ತಲುಪಿದರೂ ಆ ಕಾಲದ ಮಗ ಸಕಾಲಕ್ಕೆ ಬರಲಾರದವನಾಗಿದ್ದನು. ಅಶಕ್ಯವಾದುದನ್ನು ಮಾಡಲಿಲ್ಲವೆಂದು ಅವನನ್ನು ಯಾರೂ ದೂಷಿಸುತ್ತಿರಲಿಲ್ಲ. ಇಂದು ಅದು ಶಕ್ಯವಾಗಿದೆ. ಹಾಗಾದರೆ ಇಂದು ಬಾರದಿರುವ ಮಗ ದೋಷಿಯೇ?

ಹಾಗೆಂದು ತೀರ್ಪು ಕೊಡುವುದು ಆತುರವಾದೀತು. ವಿಮಾನವಿದ್ದ ಮಾತ್ರಕ್ಕೆ ಟಿಕೆಟ್ಟಿಗೆ ಹಣ ಬರುವುದಿಲ್ಲ. ಯಜಮಾನನು ರಜೆ ಕೊಡುವನೆಂಬ ಭರವಸೆಯಿಲ್ಲ. ಅಲ್ಲಿಯ ಹೆಂಡತಿ ಮಕ್ಕಳ ಹೊಣೆಯೂ ಹೊಣೆಯೇ. ಯಂತ್ರದ ವೇಗ ಹೆಚ್ಚಿದಷ್ಟೂ ಕರ್ತವ್ಯದ ಭಾರ ಹೆಚ್ಚಬೇಕೆಂದರೆ ಯಾವ ಮನುಷ್ಯನೂ ಅದನ್ನು ಹೊರಲಾರನು.

ಆದರೆ ಒಂದು ಮಾತು ನಿಶ್ಚಿತ. ದೂರವು ಇನ್ನು ಕಾರಣವಾಗಿ ಉಳಿದಿಲ್ಲ. ಹಣವಿಲ್ಲದವನು ಹಣವಿಲ್ಲವೆನ್ನಲಿ, ರಜೆ ಸಿಗದವನು ರಜೆ ಸಿಗಲಿಲ್ಲವೆನ್ನಲಿ; ತಂದೆತಾಯಿಗಳು ಅದನ್ನು ಅರಿಯದಷ್ಟು ಕಠಿಣರಲ್ಲ. ಮನಸ್ಸಿಲ್ಲದವನು ದೂರದ ಮೇಲೆ ಭಾರ ಹಾಕುವುದು ಅಸತ್ಯ. ಈ ಅಸತ್ಯವು ಪರದೇಶದಲ್ಲಿರುವವರಿಗೆ ಮೀಸಲೂ ಅಲ್ಲ. ಚಂದಾಪುರದ ಒಂದು ಬೀದಿಯಲ್ಲಿದ್ದು ಮುಂದಿನ ಬೀದಿಯ ಮುದುಕರನ್ನು ವರ್ಷವಿಡೀ ನೋಡದವರು ನಮ್ಮಲ್ಲಿ ಇಲ್ಲವೇ? ಅವರ ನಡುವಣ ಅಂತರ ಹತ್ತು ನಿಮಿಷದ ನಡಿಗೆ.

ಆದುದರಿಂದ ವಾಚಕರು ಕೈಯಲ್ಲಾದಾಗ ಹೋಗಿ ಬರಲಿ. ಆಗದಾಗ ಆಗದಿರುವುದಕ್ಕೆ ನಿಜವಾದ ಕಾರಣವನ್ನು ಹಿರಿಯರಿಗೆ ತಿಳಿಸಲಿ. ಕಾಯುತ್ತ ಕುಳಿತ ವೃದ್ಧರಿಗೆ ಅಷ್ಟು ಸತ್ಯವಾದರೂ ಸಲ್ಲಬೇಕು.