ಶ್ಲೇಷೆ, ಛಲ ಮತ್ತು ಮೀಮ್

ಒಂದೇ ಮಾತಿನಲ್ಲಿ ಎರಡು ಅರ್ಥ ಹೊಳೆಯುವುದು ಗುಣವೋ ದೋಷವೋ ಎಂಬ ಪ್ರಶ್ನೆಗೆ ಭಾರತೀಯ ಚಿಂತನೆ ಒಂದೇ ಉತ್ತರ ಕೊಟ್ಟಿಲ್ಲ. ಆಲಂಕಾರಿಕರು ಅದನ್ನು ಶ್ಲೇಷೆಯೆಂದು ಕರೆದು ಕಾವ್ಯದ ಅಲಂಕಾರಗಳಲ್ಲಿ ಸೇರಿಸಿದರೆ, ತರ್ಕಶಾಸ್ತ್ರದ ಗ್ರಂಥವಾದ ಗೌತಮನ ನ್ಯಾಯಸೂತ್ರವು ಅದೇ ಸಾಧ್ಯತೆಯ ದುರ್ಬಳಕೆಯನ್ನು ವಾದದಲ್ಲಿ ಗುರುತಿಸಿ ‘ವಾಕ್‌ಛಲ’ ಎಂದಿತು. ಇಲ್ಲಿ ಛಲವೆಂದರೆ ಹಟವಲ್ಲ, ಆಡಿದವನ ಅಭಿಪ್ರಾಯವನ್ನು ಬದಿಗಿಟ್ಟು ಬೇರೊಂದು ಅರ್ಥವನ್ನು ಹೇರಿ ಖಂಡಿಸುವ ಕುಯುಕ್ತಿ. ನ್ಯಾಯಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯದ ಉದಾಹರಣೆ ಪ್ರಸಿದ್ಧವಾದುದು: ಹೊಸ ಕಂಬಳಿ ಹೊದ್ದವನನ್ನು ‘ನವಕಂಬಲ’ ಎಂದರೆ, ಪ್ರತಿವಾದಿಯು ‘ನವ’ ಎಂಬುದಕ್ಕೆ ಒಂಬತ್ತು ಎಂಬ ಅರ್ಥ ಹಿಡಿದು, ಇವನಲ್ಲಿರುವುದು ಒಂದೇ ಕಂಬಳಿ, ಒಂಬತ್ತೆಲ್ಲಿ ಎಂದು ಆಕ್ಷೇಪಿಸುತ್ತಾನೆ.

ಚಿತ್ರಕ್ಕೆ ಕಿರುಬರಹ ಸೇರಿಸಿ ಅಂತರ್ಜಾಲದಲ್ಲಿ ಹಂಚುವ ಮೀಮ್‌ಗಳ ನಗುವೂ ಹಲವೊಮ್ಮೆ ಇಂಥ ಪಲ್ಲಟದಿಂದಲೇ ಹುಟ್ಟುತ್ತದೆ. ‘ಮೇಲಕ್ಕೆ ಹತ್ತು’ ಎಂಬ ತಂದೆಯ ಬುದ್ಧಿಮಾತಿನ ಕೆಳಗೆ 10 ಅಂಕದ ಉತ್ತರಪತ್ರಿಕೆಯನ್ನು ಇಟ್ಟರೆ ಕ್ರಿಯಾಪದ ಸಂಖ್ಯೆಯಾಗಿಬಿಡುತ್ತದೆ. ಆದರೆ ನೋಡುಗನಿಗೆ ಎರಡೂ ಅರ್ಥಗಳು ಒಟ್ಟಿಗೆ ಕಾಣುವುದರಿಂದಲೂ, ತಾತ್ಪರ್ಯ, ಅಂದರೆ ಹೇಳುವವನ ಉದ್ದೇಶ, ಎರಡನ್ನೂ ಒಳಗೊಂಡಿರುವುದರಿಂದಲೂ ಇಲ್ಲಿ ಯಾರೂ ಮೋಸಹೋಗುವುದಿಲ್ಲ. ಇದು ನಿಜವಾದ ಶ್ಲೇಷೆ, ಹಳೆಯ ಕವಿಗಳ ಚಮತ್ಕಾರಕ್ಕೆ ಹತ್ತಿರದ್ದೇ.

ವ್ಯಕ್ತಿಯೊಬ್ಬನ ಮಾತನ್ನು ಸಂದರ್ಭದಿಂದ ಕತ್ತರಿಸಿ, ಅವನು ಉದ್ದೇಶಿಸದ ಅರ್ಥವನ್ನು ಅವನದೇ ಭಾವಚಿತ್ರದ ಮೇಲೆ ಅಚ್ಚೊತ್ತಿ ಹರಡುವ ಮೀಮ್ ಮಾತ್ರ, ಎಷ್ಟೇ ನಗಿಸಿದರೂ, ನ್ಯಾಯಶಾಸ್ತ್ರದ ಅಳತೆಯಲ್ಲಿ ಛಲವೇ ಆಗಿದ್ದು, ಅದಕ್ಕೆ ಶ್ಲೇಷೆಯ ಗೌರವ ಸಲ್ಲದು.