ಎಲ್ಲರ ಕೈಗೂ ಬಂದ ಮೇಲೆ

ಗಂಗಾವತಿ ತಾಲೂಕಿನ ಮರಳಿಯಲ್ಲಿ ಒಂದು ಮದುವೆ. ನಿಕಾಹ್ ಮುಗಿದು ಊಟಕ್ಕೆ ಕೂತಿದ್ದೆವು. ನನ್ನ ಎದುರಿಗಿದ್ದ ಅಕ್ಕಿ ವ್ಯಾಪಾರಿಯೊಬ್ಬರು ತಮ್ಮ ಐಫೋನನ್ನು ತಟ್ಟೆಯ ಪಕ್ಕದಲ್ಲಿ ಬೋರಲು ಇಟ್ಟರು. ಬೆನ್ನ ಮೇಲಿನ ಕಚ್ಚಿದ ಸೇಬು ಎಲ್ಲರಿಗೂ ಕಾಣುತ್ತಿತ್ತು. ಅಷ್ಟರಲ್ಲಿ ಬಡಿಸಲು ಬಂದ ಊರ ಹುಡುಗನ ಜೇಬಿನಿಂದಲೂ ಅಂಥದ್ದೇ ಸೇಬು ಇಣುಕಿತು.

"ಏನಪಾ, ನಿನ್ನ ಹತ್ರಾನೂ ಐತೇನು?"

"ಹೌದ್ರಿ ಸಾವ್ಕಾರ್ರ, ಕಂತಿನ ಮ್ಯಾಲ ತಗೊಂಡೀನ್ರಿ."

ಸಾವ್ಕಾರರು ನಕ್ಕರು. ಸ್ವಲ್ಪ ಹೊತ್ತಿನ ನಂತರ ನೋಡಿದರೆ ಅವರ ಫೋನು ಜೇಬು ಸೇರಿತ್ತು.

ಆ ಫೋನಿಗೆ ಏನಾಗಿತ್ತು? ಅದರ ಕ್ಯಾಮೆರಾ ಮಂಕಾಗಿರಲಿಲ್ಲ, ಬ್ಯಾಟರಿ ಇಳಿದಿರಲಿಲ್ಲ. ಆದರೂ ಎರಡು ಮಾತಿನೊಳಗೆ ಅದರಿಂದ ಏನೋ ಹೊರಟುಹೋಗಿತ್ತು. ಹೊರಟುಹೋದದ್ದು ಏನೆಂಬುದೇ ನನ್ನ ಪ್ರಶ್ನೆ.

ಐಫೋನು ಭಾರತದ ಮಾರುಕಟ್ಟೆಗೆ ಬಂದದ್ದು 2008ರ ಆಗಸ್ಟಿನಲ್ಲಿ. ಬೆಲೆ 31,000 ರೂಪಾಯಿ. ಆ ವರ್ಷ ಸಾಮಾನ್ಯ ಭತ್ತದ ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲಿಗೆ 900 ರೂಪಾಯಿ. ಅಂದರೆ ಒಂದು ಫೋನಿಗೆ 34 ಕ್ವಿಂಟಲ್ ಭತ್ತ! ನಮ್ಮ ಭಾಗದ ರೈತ ಒಂದು ಎಕರೆಯನ್ನು ಪೂರ್ತಿ ತೂಗಿ ಕೊಟ್ಟರೂ ಸಾಲದು. ಅದನ್ನು ಹಿಡಿದವನ ಕೈಯನ್ನು ಜನ ತಿರುಗಿ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೂ ಮೊದಲು ದೊಡ್ಡವರ ಗುರುತು ಬ್ಲ್ಯಾಕ್‌ಬೆರಿಯಾಗಿತ್ತು. ಅದರ ಸಂದೇಶಗಳು ಅದೇ ಫೋನು ಇರುವವರ ನಡುವೆ ಮಾತ್ರ ಓಡಾಡುತ್ತಿದ್ದವು. 2013ರಲ್ಲಿ ಆ ಬಾಗಿಲನ್ನು ಬೇರೆ ಫೋನಿನವರಿಗೂ ತೆರೆದರು. ಅಷ್ಟರಲ್ಲಿ ಒಳಗಿದ್ದವರೇ ಖಾಲಿಯಾಗುತ್ತಿದ್ದರು. 2022ರ ಜನವರಿಯಲ್ಲಿ ಆ ಹಳೆಯ ಫೋನುಗಳ ಸೇವೆಯೂ ನಿಂತಿತು.

ಮರಳಿಯ ಸುತ್ತಲಿನ ಗದ್ದೆಗಳು ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿದವು. ಮೇಲಿನವರು ನೀರನ್ನು ಹೆಚ್ಚು ಹರಿಸಿಕೊಂಡರೆ ಕೊನೆಯ ಭಾಗದ ಮಾನ್ವಿ, ರಾಯಚೂರಿನ ರೈತರ ಪೈರು ಒಣಗುತ್ತದೆ. ಆ ಜಗಳಕ್ಕೆ ಅರ್ಥವಿದೆ, ಒಬ್ಬ ಪಡೆದದ್ದು ಇನ್ನೊಬ್ಬನ ಪಾಲಿನಿಂದ ಬಂದದ್ದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಈ ಭಾಗದ ಜನ ಕಳವಳಗೊಂಡದ್ದೂ ಸಹಜ. ಆದರೆ ಬಡಿಸುವ ಹುಡುಗ ಫೋನು ಕೊಂಡರೆ ಸಾವ್ಕಾರರ ಪಾಲಿನಿಂದ ಒಂದು ಹನಿಯೂ ಕಡಿಮೆಯಾಗದು. ಆದರೂ ನಷ್ಟವಾದಂತೆ ಅನಿಸಿತಲ್ಲ! ಹಾಗಾದರೆ ಅವರು ಕೊಂಡದ್ದು ಫೋನನ್ನಲ್ಲ, ಅದು ಉಳಿದವರ ಬಳಿ ಇಲ್ಲದಿರುವುದನ್ನು. ನಾವು 'ಅಂತಸ್ತು' ಎಂದು ಕರೆಯುವುದರಲ್ಲಿ ಬಹುಪಾಲು ಹೀಗೆ ಇನ್ನೊಬ್ಬರ ಇಲ್ಲದಿರುವಿಕೆಯೇ ಎಂದು ನನ್ನ ಅನುಮಾನ.

ಪವಿತ್ರ ಕುರ್‌ಆನಿನ ಅಲ್‌ಹದೀದ್ ಅಧ್ಯಾಯವು ಪರಸ್ಪರ ಬಡಾಯಿ ಕೊಚ್ಚಿಕೊಳ್ಳುವುದನ್ನೂ ಸಂಪತ್ತಿನ ಪೈಪೋಟಿಯನ್ನೂ ಲೌಕಿಕ ಬದುಕಿನ ಲಕ್ಷಣಗಳಾಗಿ ಎಣಿಸಿ, ಪೈರಿನ ಹೋಲಿಕೆಯನ್ನು ಕೊಡುತ್ತದೆ. ಮಳೆಗೆ ಚಿಗುರಿ ಕೃಷಿಕನನ್ನು ಹಿಗ್ಗಿಸಿದ ಪೈರು ಕ್ರಮೇಣ ಹಳದಿಯಾಗಿ ಹೊಟ್ಟಾಗುತ್ತದೆ. ಭತ್ತದ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಒಳ್ಳೆಯ ವಸ್ತುವನ್ನು ಬಯಸುವುದೇ ಪಾಪವೇ? ಸುಂದರ ಉಡುಪನ್ನು ಮೆಚ್ಚುವುದು ಅಹಂಕಾರವಾದೀತೇ ಎಂದು ಅನುಚರರೊಬ್ಬರು ಪ್ರವಾದಿ ಮುಹಮ್ಮದ್(ಸ)ರನ್ನು ಕೇಳಿದ ಸಂದರ್ಭ ಹದೀಸ್‌ಗಳಲ್ಲಿದೆ. ಪ್ರವಾದಿವರ್ಯರು ಸೌಂದರ್ಯವನ್ನು ನಿರಾಕರಿಸಲಿಲ್ಲ. ಸತ್ಯವನ್ನು ತಳ್ಳಿಹಾಕುವುದನ್ನೂ ಜನರನ್ನು ಕೀಳಾಗಿ ಕಾಣುವುದನ್ನೂ ಅಹಂಕಾರವೆಂದರು. ಇದು ಎಷ್ಟು ಸೂಕ್ಷ್ಮವಾದ ಗೆರೆ ನೋಡಿ. ಫೋನು ಗೆರೆಯ ಈಚೆಗೇ ಇದೆ. ಅದನ್ನು ಬೋರಲು ಇಡುವ ಕೈ ಆಚೆಗೆ ದಾಟಿರಬಹುದು.

ಈ ಕೈಗಳ ಲೆಕ್ಕಕ್ಕೆ ಬಾರದ ಇನ್ನೂ ಕೆಲವು ಕೈಗಳಿವೆ. 2017ರಿಂದ ಐಫೋನುಗಳು ನಮ್ಮ ಕರ್ನಾಟಕದಲ್ಲೇ ಜೋಡಣೆಯಾಗುತ್ತಿವೆ. ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ವೇತನದ ವಿಚಾರವಾಗಿ ಕಾರ್ಮಿಕರು ಸಿಡಿದೆದ್ದರು, ಗಾಜುಗಳು ಪುಡಿಯಾದವು. ಆ ಧ್ವಂಸವನ್ನು ಸಮರ್ಥಿಸಲಾಗದು. ಆದರೆ ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲದಲ್ಲಿ ವೇತನ ಸಿಕ್ಕಿರಲಿಲ್ಲವೆಂದು ಕಂಪೆನಿಯೇ ಬಳಿಕ ಒಪ್ಪಿಕೊಂಡಿತು. ಕಾರ್ಖಾನೆ 2023ರಲ್ಲಿ ಟಾಟಾ ಸಮೂಹದ ಪಾಲಾಯಿತು. ಯಾರ ಕೈಯಲ್ಲಿದೆ ಎಂದು ಅಷ್ಟು ಗಮನಿಸುವ ನಾವು ಯಾರ ಕೈಯಿಂದ ಬಂತೆಂದು ಕೇಳುವುದು ಅಪರೂಪ.

ಇನ್ನು ಆ ಹುಡುಗನ ಕಂತು. ಪಂಕ್ತಿಯಲ್ಲಿ ಯಾರೋ "ಇವನಿಗ್ಯಾಕ ಬೇಕಿತ್ತು?" ಎಂದು ಗೊಣಗಿದರು. ಆ ಪ್ರಶ್ನೆಯನ್ನು ಸಾವ್ಕಾರರಿಗೆ ಯಾರೂ ಎಂದೂ ಕೇಳಿದ್ದಿಲ್ಲ. ಸಾಲ ಮಾಡಿ ಶೋಕಿ ಮಾಡುವುದನ್ನು ನಾನೂ ಒಪ್ಪಲಾರೆ. ಆದರೆ ಬೆಲೆಯಿಂದಲೇ ಮನುಷ್ಯನ ಮಾನ ಎಂಬ ಪಾಠವನ್ನು ಅವನಿಗೆ ಹೇಳಿಕೊಟ್ಟವರು ಆ ಪಂಕ್ತಿಯಲ್ಲೇ ಕೂತಿದ್ದೆವು. ನಾನೂ ಆ ಸೇಬನ್ನು ನೋಡಿದವನೇ ತಾನೆ?

ಊಟವಾದ ಮೇಲೆ ಮದುಮಗನೊಂದಿಗೆ ಫೋಟೋಕ್ಕೆ ನಿಂತೆವು. ಹುಡುಗ ಕೈ ಒರೆಸಿಕೊಂಡು ತನ್ನ ಫೋನಿನಲ್ಲೇ ತೆಗೆದ. ಸಾವ್ಕಾರರು ಬಗ್ಗಿ ನೋಡಿ, "ಚಲೋ ಬಂದೈತಿ, ನನಗೂ ಕಳಸಪಾ" ಎಂದು ನಂಬರು ಹೇಳತೊಡಗಿದರು.