ಮೊದಲು ಯಾರಿಗೆ ಹೇಳಬೇಕು?

ಹೋದ ಸಲ ರಜೆಗೆ ಊರಿಗೆ ಹೋದಾಗ ಅವ್ವ ಜಿಲೇಬಿ ಮೀನಿನ ಸಾರು ಮಾಡಿದ್ಲು. ನಮ್ಮೂರು ಹೊಸಪೇಟೆ ಡ್ಯಾಮಿನ ಹಿನ್ನೀರಿಗೆ ಅಂಟಿಕೊಂಡಿದೆ. ಮೀನು ತಂದವನು ಬೆಸ್ತರ ಮಾಮ, ನನಗೆ ಈಜು ಕಲಿಸಿದವನು. ನಾನು ಸುಮ್ಮನಿರದೆ, "ಮಾಮಾ, ಈ ಮೀನು, ತಳದ ಕೆಸರು ಎರಡನ್ನೂ ಬೆಂಗಳೂರಿನ ಲ್ಯಾಬಿಗೆ ಕೊಟ್ಟು ಪಾದರಸ, ಸೀಸ ಏನಾದ್ರೂ ಐತೇನು ನೋಡಿಸ್ಲಾ? ರೊಕ್ಕ ನಾನೇ ಕೊಡ್ತೀನಿ" ಅಂದೆ.

ಮಾಮ ತುತ್ತು ಕೆಳಗಿಟ್ಟ. "ಐತಿ ಅಂತ ಬಂದ್ರ ನಿನ್ ಪಗಾರ ನಿಲ್ಲಂಗಿಲ್ಲಪಾ ತಮ್ಮಾ. ನನ್ ಬಲೆ ನಿಲ್ತದ."

ಉತ್ತರ ಹೊಳೀಲಿಲ್ಲ. 1980ರ ದಶಕದಲ್ಲಿ ಹರಿಹರದ ಕೆಳಗೆ ಕಾರ್ಖಾನೆ ನೀರಿಗೆ ಮೀನು ಸತ್ತು ತೇಲಿದಾಗ ಸಮಾಜ ಪರಿವರ್ತನ ಸಮುದಾಯ ಹೋರಾಟಕ್ಕಿಳಿಯಿತು. ಸತ್ತ ಮೀನು ತಾನೇ ಸಾಕ್ಷಿ ಹೇಳುತ್ತೆ. ಪಾದರಸ ತಿಂದ ಮೀನು ಹಾಗಲ್ಲ, ಚೆನ್ನಾಗೇ ಈಜುತ್ತೆ, ಚೆನ್ನಾಗೇ ರುಚಿಸುತ್ತೆ. ಸಂಡೂರು ಗಣಿಗಳ ಕೆಂಪು ಮಣ್ಣು ಹಳ್ಳಕ್ಕಿಳಿಯೋದನ್ನ ನೋಡಿಯೇ ಬೆಳೆದವರು ನಾವು. ಆದರೆ ಭಯಪಡಬೇಕಾದ ವಿಷಕ್ಕೆ ಬಣ್ಣವೇ ಇರಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಆ ಹೂಳು ಹಳೇ ಲಾಗ್ ಫೈಲ್ ಇದ್ದಂಗೆ: ಕೆಳಗೆ ಹಳೇದು, ಮೇಲೆ ಹೊಸದು. ನೀರು ಹರಿದು ಹೋಗುತ್ತೆ, ಕೆಸರು ಬರೆದಿಟ್ಟುಕೊಳ್ಳುತ್ತೆ.

ಜಪಾನಿನ ಮಿನಮಾಟದಲ್ಲಿ ಚಿಸ್ಸೋ ಕಾರ್ಖಾನೆಯ ಆಸ್ಪತ್ರೆಯಲ್ಲಿ ಹೊಸೊಕಾವಾ ಅನ್ನೋ ಡಾಕ್ಟರು ಇದ್ದರು. 1959ರಲ್ಲಿ ಕಾರ್ಖಾನೆಯ ಕೊಳಕು ನೀರನ್ನ ಆಹಾರಕ್ಕೆ ಬೆರೆಸಿ ಬೆಕ್ಕಿಗೆ ತಿನ್ನಿಸಿದರು. 400ನೇ ನಂಬರಿನ ಬೆಕ್ಕಿಗೆ ಊರವರಿಗೆ ಬಂದದ್ದೇ ರೋಗ ಬಂತು. ಕಂಪನಿ ಫಲಿತಾಂಶ ಮುಚ್ಚಿಟ್ಟಿತು, ಡಾಕ್ಟರು ಸುಮ್ಮನಾದರು. ವಿಷದ ನೀರು 1968ರವರೆಗೂ ಸಮುದ್ರಕ್ಕೆ ಹರೀತು. ಅವರು ಕೋರ್ಟಿಗೆ ಸಾಕ್ಷಿ ಹೇಳಿದ್ದು 1970ರಲ್ಲಿ, ಸಾಯೋ ಹಾಸಿಗೆಯಿಂದ.

ಅವರನ್ನ ಹೇಡಿ ಅನ್ನೋದು ಸುಲಭ. ಆದರೆ ನನಗೂ ಒಂದು ಅನುಮಾನ: ರಿಪೋರ್ಟ್ ಕೆಟ್ಟದಾಗಿ ಬಂದರೆ ಅವತ್ತೇ ಅವ್ವನಿಗೆ ಫೋನ್ ಮಾಡಿ "ಮೀನು ಬೇಡ" ಅಂತೀನಿ. ಹೊಸಪೇಟೆ ಮಾರ್ಕೆಟ್ಟಿನಲ್ಲಿ ಅದೇ ಮೀನು ಕೊಳ್ಳೋ ಹೆಂಗಸಿಗೆ ಯಾವಾಗ ಹೇಳ್ತೀನಿ? ಇನ್ನೊಂದು, ಒಂದೇ ಮೀನಿನ ಲೆಕ್ಕ ಲೆಕ್ಕವೇ ಅಲ್ಲ. ಸಣ್ಣದು, ದೊಡ್ಡದು, ಬೇರೆ ಬೇರೆ ಜಾತಿ, ನಾಲ್ಕಾರು ಜಾಗದ ಕೆಸರು ಬೇಕು. ಅರ್ಧಂಬರ್ಧ ಟೆಸ್ಟ್ ಮಾಡಿ ಫೇಸ್‌ಬುಕ್ಕಿಗೆ ಹಾಕಿದರೆ ಮಾಮನ ಬಲೆ ಸುಳ್ಳಿಗೇ ನಿಂತುಹೋಗಬಹುದು. ಹಾಗಂತ ಗೊತ್ತಿಲ್ಲದೇ ಇರೋದನ್ನ ದಯೆ ಅಂತ ಕರೆಯೋಕೂ ಮನಸ್ಸಿಲ್ಲ. ಅವನ ಮೊಮ್ಮಕ್ಕಳೂ ಅದನ್ನೇ ತಿಂತಾವೆ.

ಇದನ್ನೇ ಹೇಳಿದಾಗ ಮಾಮ ಸುಮಾರು ಹೊತ್ತು ಮಾತಾಡಲಿಲ್ಲ. ಮರುದಿನ ಬಸ್‌ಸ್ಟ್ಯಾಂಡಿಗೆ ಬಂದ. "ಬ್ಯಾಸಗಿಗೆ ಬಾ, ನೀರು ಇಳಿದಿರ್ತದ. ಹರಿಗೋಲು ನಾನೇ ಹಾಕ್ತೀನಿ, ಕೆಸರು ಎಲ್ಲಿಂದ ತೆಗೀಬೇಕು ನನಗ ಗೊತ್ತೈತಿ. ಆದ್ರ ಕಾಗದ ಮೊದಲು ನನ್ ಕೈಗೆ ಕೊಡ್ಬೇಕು."

ಹೂಂ ಅಂದೆ. ಎಷ್ಟು ದಿನ ಮೊದಲು ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.